ಸಾಲಿ ಗೇಟ್ ಮುಂದ ಹಂಪ್ ಹಾಕೂನೋ ಬ್ಯಾಡೋ? ರಸ್ತೆ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಎಸ್‌ಡಿಎಂಸಿ ಸದಸ್ಯೆ, ಮುಧೋಳ ತಾಲೂಕು):

ಸರ, ನಮಸ್ಕಾರ್ರೀ. ನಾ ಎಸ್‌ಡಿಎಂಸಿ, ಅಂದ್ರ ಸಾಲಿ ಅಭಿವೃದ್ಧಿ ಸಮಿತಿ ಸದಸ್ಯೆ. ನಮ್ಮೂರ ಸರ್ಕಾರಿ ಸಾಲಿ ಗೇಟ್ ಸೀದಾ ಡಾಂಬರ್ ರೋಡಿಗೇ ಐತ್ರಿ. ಗೇಟ್ ದಾಟಿ ನಾಕ್ ಹೆಜ್ಜಿ ಇಟ್ರ ಮುಗೀತು, ರೋಡ್. ಕಬ್ಬಿನ ಸೀಜನ್ ಸುರು ಆದ ಮ್ಯಾಲ ಹಗಲೂ ರಾತ್ರಿ ಟ್ರ್ಯಾಕ್ಟರ್, ಒಂದೊಂದಕ್ಕ ಎರಡೆರಡು ಟ್ರೇಲರ್. ನಡುವ ಬೈಕಿನವ್ರು ಕಣ್ಣ ಮುಚ್ಚಿ ಹೊಡೀತಾರ. ಹೋದ ವಾರ ಎರಡನೇತ್ತೆ ಹುಡುಗಿಗೆ ಬೈಕ್ ಬಡದು ಕೈ ಮುರೀತು. ಊರಾನ ಹುಡುಗ್ರು "ಸಿಮೆಂಟ್, ಉಸುಕು ನಾವ ತರ್ತೇವಿ, ರಾತ್ರೋರಾತ್ರಿ ಹಂಪ್ ಹಾಕಿಬಿಡೂನು" ಅನ್ನಾಕತ್ಯಾರ. ಹೆಡ್‌ಮಾಸ್ತರ್ರು ಬ್ಯಾಡಂತಾರ. ಯಾರ ಮಾತು ಖರೇರಿ?

ಉತ್ತರ (ರಸ್ತೆ ಎಂಜಿನಿಯರ್):

ಅಕ್ಕಾರ, ಮೊದಲು ಆ ಹುಡುಗಿ ಕೈ ಬೇಗ ಕೂಡಲಿ. ಹೆಡ್‌ಮಾಸ್ತರರ ಮಾತು ಖರೆ. ಹಂಪೇ ಬೇಡ ಅಂತಲ್ಲ, ರಾತ್ರೋರಾತ್ರಿ ಹಾಕುವ ಹಂಪ್ ಬೇಡ.

ಹಂಪ್‌ಗೂ ಒಂದು ಅಳತೆ ಇದೆ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿಯಲ್ಲಿ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಷ್ಟು ಅಗಲವಾಗಿ, ಸಣ್ಣಗೆ ಏರಿ ಸಣ್ಣಗೆ ಇಳಿದರೆ ಗಂಟೆಗೆ 25 ಕಿಲೋಮೀಟರ್‌ನಲ್ಲಿ ಬಂದವನು ಆರಾಮಾಗಿ ದಾಟುತ್ತಾನೆ, ಜೋರಾಗಿ ಬಂದವನಿಗೆ ಮಾತ್ರ ಪೆಟ್ಟು. ಊರವರು ಹಾಕುವುದು ಎಂಥದ್ದು ಅಂತ ನಿಮಗೇ ಗೊತ್ತು: ಗೇಣುದ್ದ ಎತ್ತರ, ಒಂದೂವರೆ ಅಡಿ ಅಗಲ, ಬಣ್ಣ ಇಲ್ಲ, 40 ಮೀಟರ್ ಮೊದಲೇ ಇರಬೇಕಾದ ಬೋರ್ಡ್ ಇಲ್ಲ. ಕತ್ತಲಲ್ಲಿ ಗಂಡ, ಹೆಂಡತಿ, ನಡುವೆ ಕೂಸು ಕೂತ ಬೈಕ್ ಅದಕ್ಕೆ ಬಡಿದರೆ ಹಿಂದೆ ಕೂತವರು ಮೊದಲು ಬೀಳುತ್ತಾರೆ. ಆಮೇಲೆ ಹಂಪ್ ಕಟ್ಟಿದ ಹುಡುಗರು ಸ್ಟೇಷನ್ ಅಲೆಯಬೇಕಾಗುತ್ತದೆ.

ಕಬ್ಬಿನ ಗಾಡಿಯ ಲೆಕ್ಕ ಇನ್ನೂ ಬೇರೆ. ನಮ್ಮ ಕಡೆ ಓಡುವ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲ. ಅಷ್ಟೂ ಲೋಡ್ ನಿಲ್ಲುವುದು ಟ್ರ್ಯಾಕ್ಟರ್ ಬ್ರೇಕ್ ಮೇಲೆ. ಚೂಪು ಹಂಪ್ ಕಂಡು ಡ್ರೈವರ್ ಗಕ್ಕನೆ ಒತ್ತಿದರೆ ಹಿಂದಿನ ಎರಡೂ ಟ್ರೇಲರ್ ಅವನನ್ನೇ ತಳ್ಳುತ್ತವೆ. ಗದ್ದೆಯಿಂದ ಗಾಲಿಗೆ ಅಂಟಿ ಬಂದ ಎರೆಮಣ್ಣು ರಸ್ತೆ ಮೇಲೆ ಬಿದ್ದು, ಮೇಲೊಂದು ಅಕಾಲಿಕ ಮಳೆ ಹನಿದರಂತೂ ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದು ದೇವರಿಗೇ ಗೊತ್ತು.

ಇನ್ನೊಂದು ಮಾತು ನಮ್ಮ ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲ. ಗಾಡಿ ಎಲ್ಲಿ ನಿಧಾನ ಆಗುತ್ತದೋ ಅಲ್ಲಿ ಹುಡುಗರು ಕಬ್ಬು ಜಗ್ಗಲು ಓಡುತ್ತಾರೆ. ಈ ಜಿಲ್ಲೆಯಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರೇಲರ್ ಬಗಲಿಗೆ ಓಡುತ್ತ ಗಳ ಹಿಡಿದು ಜಗ್ಗುವಾಗ ಕಬ್ಬು ಒಮ್ಮೆಲೇ ಕಿತ್ತು ಬಂದರೆ ಹುಡುಗ ಹಿಂದಕ್ಕೆ ಬೀಳುತ್ತಾನೆ, ಬರದಿದ್ದರೆ ಗಾಲಿ ಕಡೆಗೇ ಎಳೆದುಕೊಂಡು ಹೋಗುತ್ತದೆ. ಹಿಂದೆ ಎರಡನೇ ಟ್ರೇಲರ್ ಬರುತ್ತಿರುತ್ತದೆ, ಅದರ ಗಾಲಿ ಡ್ರೈವರ್ ಕಣ್ಣಿಗೆ ಬೀಳುವುದೇ ಇಲ್ಲ. ಗೇಟ್ ಎದುರಿಗೇ ಹಂಪ್ ಹಾಕಿದರೆ ಗಾಡಿಯನ್ನು ಹುಡುಗರ ಕೈಗೆ ತಂದು ಕೊಟ್ಟ ಹಾಗೆ. ಅದಕ್ಕೇ ನಾನು ಹೇಳುವುದು: ಗೇಟ್‌ನ ಎರಡೂ ಬದಿಗೆ, ಸಾಕಷ್ಟು ಮೊದಲೇ ಒಂದೊಂದು ಸರಿಯಾದ ಹಂಪ್ ಇರಲಿ. ಮಕ್ಕಳು ದಾಟುವ ಜಾಗದಲ್ಲಿ ಎತ್ತರಿಸಿದ ಜೀಬ್ರಾ ಇರಲಿ, ಅಂದರೆ ಮೇಲ್ಭಾಗ ಸಪಾಟಾಗಿದ್ದು ಬಿಳಿ ಪಟ್ಟಿ ಬಳಿದ ಕಟ್ಟೆ. ಮಕ್ಕಳು ಅದರ ಮೇಲೆ ನಡೆದರೆ ಡ್ರೈವರ್‌ಗೆ ದೂರದಿಂದಲೇ ಕಾಣುತ್ತಾರೆ. ಬದಿಯ ಗಟಾರಿಗೆ ನೀರು ಹೋಗಲು ಪೈಪ್ ಬಿಡಲು ಹೇಳಿ, ಇಲ್ಲದಿದ್ದರೆ ಮೊದಲ ಮಳೆಗೇ ಅಲ್ಲಿ ಕೆರೆ.

ಇದನ್ನೆಲ್ಲ ಮಾಡಬೇಕಾದವರು ರಸ್ತೆ ಯಾರದೋ ಅವರು. ಊರ ಹತ್ತಿರದ ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಪ್ಪಿದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಯಾವುದು ಅಂತ ತಿಳಿಸಿ, ಮುಂದಿನದು ಹೇಳುತ್ತೇನೆ.

ಟಿಪ್ಪಣಿ (ಪಾಲಕರು, ವಿಜಯಪುರ):

ಎಲ್ಲಾ ಖರೆ ಸರ. ಆದ್ರ ಮಕ್ಕಳಿಗೇ ಸರಿಯಾಗಿ ಕಲಿಸಿದ್ರ ಇಷ್ಟೆಲ್ಲ ಯಾಕ ಬೇಕು? ಬಲಕ್ಕ ನೋಡು, ಎಡಕ್ಕ ನೋಡು, ದಾಟು. ನಾವೂ ಹಂಗ ಕಲ್ತವ್ರು.

ಉತ್ತರ:

ಕಲಿಸಬೇಕು, ಯಾರು ಬೇಡ ಅಂದರು? ಆದರೆ ನೀವು ಕಲಿಯುವಾಗ ನಿಮ್ಮೂರಲ್ಲಿ ಎಷ್ಟು ಬೈಕ್ ಇದ್ದವು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಒಂಬತ್ತು ಹತ್ತು ವರ್ಷದೊಳಗಿನ ಮಗುವಿಗೆ ಬರುತ್ತಿರುವ ಗಾಡಿ ಎಷ್ಟು ಜೋರಿದೆ, ಎಷ್ಟು ಹೊತ್ತಿಗೆ ತನ್ನ ಹತ್ತಿರ ಬರುತ್ತದೆ ಅನ್ನುವ ಅಂದಾಜು ಸರಿಯಾಗಿ ಬರುವುದಿಲ್ಲ. ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುತ್ತದೆ, ಆದರೆ ಕಂಡದ್ದನ್ನು ಲೆಕ್ಕ ಹಾಕಲು ಬರುವುದಿಲ್ಲ. ಮೇಲಾಗಿ ಕಾಣುವುದೂ ಇಲ್ಲ. ಒಂದನೇ ತರಗತಿ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕಿರುತ್ತದೆ. ನಾಳೆ ಗೇಟ್ ಎದುರು ನಿಂತ ಜೀಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು ರಸ್ತೆ ನೋಡಿ. ಬಾನೆಟ್ ಬಿಟ್ಟು ಬೇರೇನೂ ಕಾಣದು. ಅದರ ಸಂದಿಯಿಂದ ಹೊರಬಂದ ಮಗು ಬೈಕಿನವನಿಗೂ ಕೊನೇ ಗಳಿಗೆಯಲ್ಲೇ ಕಾಣುತ್ತದೆ.

ಬೈಕಿನವನ ಕಡೆಯಿಂದ ನೋಡಿ. 30ರ ವೇಗದಲ್ಲಿದ್ದು, ಮಗು ಕಂಡು ಒಂದು ಸೆಕೆಂಡಿಗೆ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಹೆಚ್ಚು ಕಡಿಮೆ 13 ಮೀಟರ್‌ಗೆ ನಿಲ್ಲುತ್ತಾನೆ. 50ರಲ್ಲಿದ್ದರೆ ಅವನ ಕೈ ಬ್ರೇಕ್ ಮೇಲೆ ಹೋಗುವಷ್ಟರಲ್ಲೇ ಸುಮಾರು 14 ಮೀಟರ್ ದಾಟಿರುತ್ತದೆ. ಮೊದಲಿನವನು ನಿಂತ ಜಾಗವನ್ನು ಇವನು ಪೂರ್ತಿ 50ರಲ್ಲೇ ಹಾಯ್ದು ಹೋಗುತ್ತಾನೆ. ಮಕ್ಕಳೂ ಜನರೂ ಗಾಡಿಗಳೂ ಬೆರೆಯುವ ಕಡೆ 30ಕ್ಕಿಂತ ಹೆಚ್ಚು ಬೇಡ ಅಂತ ರಸ್ತೆ ಸುರಕ್ಷತೆಯ ಬಗ್ಗೆ 2020ರಲ್ಲಿ ಬಂದ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಮಗು ತಪ್ಪು ಮಾಡಿಯೇ ಮಾಡುತ್ತದೆ ಅಂತ ಇಟ್ಟುಕೊಂಡು ರಸ್ತೆ ಮಾಡಬೇಕು. ಜೀಬ್ರಾದ ಎರಡೂ ಕಡೆ ಹತ್ತತ್ತು ಮೀಟರ್ ಏನೂ ನಿಲ್ಲಿಸದಂತೆ ಖಾಲಿ ಇಡಿಸಿ. ಇದಕ್ಕೆ ಕಲ್ಲು ಮತ್ತು ಬಣ್ಣ ಸಾಕು.

ಪ್ರಶ್ನೆ (ಪಾಲಕರು, ನವನಗರ, ಬಾಗಲಕೋಟೆ):

ನಮ್ಮ ಸಮಸ್ಯೆ ಉಲ್ಟಾ ಸರ್. ಇಲ್ಲಿ ರಸ್ತೆ ಬೇಕಾದಷ್ಟು ಅಗಲ ಇದೆ, ಟ್ರ್ಯಾಕ್ಟರ್ ಕಾಟ ಇಲ್ಲ. ಆದರೂ ಬೆಳಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಶಾಲೆ ಮುಂದೆ ಜಾತ್ರೆ. ಪೊಲೀಸರನ್ನು ಕೇಳಿದರೆ ಸಿಬ್ಬಂದಿ ಇಲ್ಲ ಅಂತಾರೆ, ಶಾಲೆಯವರು ಗೇಟಿನ ಹೊರಗೆ ನಮ್ಮ ಜವಾಬ್ದಾರಿ ಅಲ್ಲ ಅಂತಾರೆ.

ಉತ್ತರ:

ಜಾತ್ರೆಗೆ ಬಂದವರು ಯಾರು? ನಾವೇ, ಪಾಲಕರು. ಸಿಟ್ಟಾಗಬೇಡಿ. ಹೊರಗಿನ ಗಾಡಿಗಳ ವೇಗ ಒಂದು ರೋಗ, ಗೇಟ್ ಮುಂದಿನ ನಮ್ಮದೇ ಗದ್ದಲ ಇನ್ನೊಂದು. ಎರಡಕ್ಕೂ ಒಂದೇ ಔಷಧ ನಡೆಯುವುದಿಲ್ಲ.

ನವನಗರ ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾದವರಿಗಾಗಿ ನಕ್ಷೆ ಹಾಕಿ ಕಟ್ಟಿದ ಊರು. ಸೆಕ್ಟರ್ ರಸ್ತೆಗಳು ದೊಡ್ಡವು, ನೇರ. ಹಳೇ ಬಾಗಲಕೋಟೆ ಓಣಿಯಲ್ಲಿ ಯಾರೂ 50ಕ್ಕೆ ಹೋಗಲಾರರು, ಇಲ್ಲಿ ಕೈ ತಾನಾಗಿಯೇ ತಿರುಗುತ್ತದೆ. 12 ಮೀಟರ್ ಅಗಲದ ರಸ್ತೆಯನ್ನು ಸಣ್ಣ ಮಗು ದಾಟಲು ಸೆಕೆಂಡಿಗೆ ಒಂದು ಮೀಟರ್ ಅಂದರೂ 12 ಸೆಕೆಂಡ್ ಬೇಕು. ಅಷ್ಟರಲ್ಲಿ 50ರಲ್ಲಿರುವ ಬೈಕ್ 160 ಮೀಟರ್‌ಗೂ ಹೆಚ್ಚು ದೂರ ಬಂದಿರುತ್ತದೆ. ಮಗು ಹೆಜ್ಜೆ ಇಟ್ಟಾಗ ರಸ್ತೆ ಖಾಲಿಯೇ ಕಂಡಿರುತ್ತದೆ. ಹಾಗಾಗಿ ಅಗಲ ಇರುವಲ್ಲಿ ಅಗಲವನ್ನು ಕಡಿಮೆ ಮಾಡಬೇಕು: ದಾಟುವ ಜಾಗದಲ್ಲಿ ಫುಟ್‌ಪಾತ್ ಮುಂದಕ್ಕೆ ಚಾಚಬೇಕು, ನಡುವೆ ನಿಲ್ಲಲು ಕಟ್ಟೆ ಬೇಕು. ಆಗ ಮಗು ಒಂದು ಸಲಕ್ಕೆ ಒಂದೇ ದಿಕ್ಕಿನ ಗಾಡಿ ನೋಡಿದರೆ ಸಾಕು.

ಗದ್ದಲಕ್ಕೆ ಸುಲಭ ದಾರಿ, ಗೇಟಿನಿಂದ ನೂರು ಮೀಟರ್ ಆಚೆಗೆ ಗಾಡಿ ಬಿಟ್ಟು ಮಕ್ಕಳನ್ನು ನಡೆಸಿಕೊಂಡು ಬರುವುದು. ಇಟಲಿಯ ಬೋಲ್ಜಾನೊ ಊರಲ್ಲಿ 1989ರಲ್ಲೇ ಶಾಲೆ ಸುರುವಾಗುವ, ಬಿಡುವ ಹೊತ್ತಿಗೆ ಮಾತ್ರ ಶಾಲೆ ಮುಂದಿನ ಬೀದಿಗೆ ಗಾಡಿ ಬಂದ್ ಮಾಡಿದರು. ಈಗ ಲಂಡನ್, ಪ್ಯಾರಿಸ್‌ಗಳಲ್ಲೂ ಅದೇ ನಡೆದಿದೆ. ಇಡೀ ದಿನ ಮುಚ್ಚುವುದಲ್ಲ, ಅರ್ಧ ತಾಸು. ಪಕ್ಕದಲ್ಲಿ ಬೇರೆ ದಾರಿ ಇರುವ ಸೆಕ್ಟರ್ ಒಳರಸ್ತೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಇಂಥ ನಿರ್ಬಂಧ ಹಾಕಲು ಅಧಿಕಾರ ಇದೆ. ಪಾಲಕರು ಎಲ್ಲರೂ ಸಹಿ ಹಾಕಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ. ಪೊಲೀಸರು, ಆರ್‌ಟಿಒ, ಲೋಕೋಪಯೋಗಿ ಎಲ್ಲರೂ ಅಲ್ಲಿ ಒಂದೇ ಟೇಬಲ್ ಸುತ್ತ ಕೂಡುತ್ತಾರೆ, ಅವರ ಮೇಲೆ ಇವರು ಹಾಕುವುದು ತಪ್ಪುತ್ತದೆ.

ಶಾಲೆಯವರು ಮಾಡಬಹುದಾದದ್ದೂ ಇದೆ. ಎಲ್ಲರನ್ನೂ ಒಂದೇ ಗಂಟೆಗೆ ಬಿಡದೆ ಸಣ್ಣವರನ್ನು ಹತ್ತು ನಿಮಿಷ ಮೊದಲು ಬಿಡಲಿ. ಗೇಟ್ ಎದುರು ಅಡ್ಡ ರೇಲಿಂಗ್ ಹಾಕಲಿ, ಓಡಿ ಬಂದ ಮಗು ಅದಕ್ಕೆ ತಡೆದು ತಿರುಗಿ ಹೋಗಬೇಕು. ಗೇಟಿನ ಹೊರಗೆ ನಮ್ಮದಲ್ಲ ಅನ್ನುವವರು ಪ್ರವೇಶದ ಬ್ಯಾನರ್ ಮಾತ್ರ ಗೇಟಿನ ಹೊರಗೇ ಕಟ್ಟುತ್ತಾರೆ ನೋಡಿ.

ಟಿಪ್ಪಣಿ (ಆಟೋ ಚಾಲಕ, ಬೆಳಗಾವಿ):

ಎಲ್ರೂ ಕಡೀಕ ಆಟೋದವ್ರಿಗೇ ಬೈತಾರ್ರಿ ಸರ. ನಾವು ನಿಲ್ಲಸೂದ ಎಲ್ಲಿ ಹೇಳ್ರಿ?

ಉತ್ತರ:

ಅಣ್ಣಾ, ನಿಮ್ಮ ಪ್ರಶ್ನೆ ಸರಿ ಇದೆ. ಜಾಗ ಕೊಡದೆ ಬೈಯುವುದು ಯಾವ ನ್ಯಾಯ? ಶಾಲೆ ಇರುವ ಬದಿಯಲ್ಲೇ, ಗೇಟ್ ದಾಟಿ ಸ್ವಲ್ಪ ಮುಂದೆ, ಸಾಲಾಗಿ ನಿಲ್ಲುವ ಜಾಗ ಗೆರೆ ಹಾಕಿ ಕೊಡಲು ಕೇಳಿ. ನಿಮ್ಮ ಕೈಲಿರುವುದು ಎರಡು. ಮಕ್ಕಳನ್ನು ಶಾಲೆ ಬದಿಗೇ ಇಳಿಸಿ, ಎದುರು ಬದಿಗೆ ಇಳಿಸಿ "ದಾಟಿ ಹೋಗ್ರಿ" ಅನ್ನಬೇಡಿ. ಗೇಟ್ ಹತ್ತಿರ ರಿವರ್ಸ್ ತೆಗೆಯಲೇಬೇಡಿ. ಹಿಂದೆ ಪೆನ್ಸಿಲ್ ಹೆಕ್ಕಲು ಬಗ್ಗಿದ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಸುತ್ತು ಹಾಕಿ ಬಂದರೆ ಎರಡು ನಿಮಿಷ ಹೋಗುತ್ತದೆ, ಹೋಗಲಿ.

ಪ್ರಶ್ನೆ (ಪಾಲಕರು, ಜಮಖಂಡಿ):

ಒಂಬತ್ತನೇ ಕ್ಲಾಸ್ ಹುಡುಗರು ತಮ್ಮ ತಂಗಿಯರನ್ನ ಸ್ಕೂಟಿ ಮೇಲೆ ಪ್ರೈಮರಿ ಶಾಲೆಗೆ ಬಿಡ್ತಾರೆ. ಮತ್ತೆ ಗೇಟ್ ಪಕ್ಕದ ಗುಟ್ಕಾ ಡಬ್ಬಿ ಅಂಗಡಿ ಮುಂದೆ ಬೈಕ್ ಸಾಲು. ಇವಕ್ಕೇನಾದರೂ ಕಾನೂನು?

ಉತ್ತರ:

ಎರಡಕ್ಕೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 199ಎ ಕಲಂ ಬಂದಿದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿ ನೋಂದಣಿ 12 ತಿಂಗಳು ರದ್ದು. ಪಾಲಕರ ಸಭೆಯಲ್ಲಿ ಇದನ್ನು ಓದಿ ಹೇಳಿದರೆ ಸಾಕು. ತಂಬಾಕು ಅಂಗಡಿ ಶಾಲೆಯಿಂದ 100 ಗಜದೊಳಗೆ ಇರುವಂತಿಲ್ಲ, ಅದು 2003ರ ತಂಬಾಕು ನಿಯಂತ್ರಣ ಕಾಯ್ದೆ. ಅಂಗಡಿ ಎದ್ದರೆ ಬೈಕ್ ಸಾಲೂ ಏಳುತ್ತದೆ. ಪೇರಲ, ಬಾರೆಹಣ್ಣು ಮಾರುವ ಅಜ್ಜಿಯನ್ನು ಮಾತ್ರ ಇದರ ಜೊತೆ ಎಬ್ಬಿಸಬೇಡಿ, ಅವರು ರಸ್ತೆಗೆ ಬೆನ್ನು ಮಾಡಿ ಕಾಂಪೌಂಡಿನ ಹತ್ತಿರ ಕೂತರೆ ಯಾರಿಗೂ ತೊಂದರೆ ಇಲ್ಲ.

ಮರುಪ್ರಶ್ನೆ (ಎಸ್‌ಡಿಎಂಸಿ ಸದಸ್ಯೆ, ಮುಧೋಳ ತಾಲೂಕು):

ಸರ, ಕಲ್ಲ ನೋಡಿ ಬಂದ್ವಿ. ತಲಿ ಹಸರ ಐತಿ. ಆಫೀಸಿನ್ಯಾಗ "ಎಸ್ಟಿಮೇಟ್ ಮಾಡಬೇಕು, ಟೈಮ್ ಹಿಡೀತೈತಿ" ಅಂದ್ರು. ಅಲ್ಲಿ ತನಕ ಸೀಜನ್ನ ಮುಗೀತೈತಿ.

ಉತ್ತರ:

ಹಸಿರು ಅಂದರೆ ರಾಜ್ಯ ಹೆದ್ದಾರಿ, ಲೋಕೋಪಯೋಗಿ ಇಲಾಖೆಯದ್ದು. ಬಾಯಿಮಾತು ಬೇಡ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಅದರ ಪ್ರತಿ ಹಚ್ಚಿ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೆ ಅರ್ಜಿ ಕೊಡಿ. ಪ್ರತಿಗಳು ಪಿಎಸ್‌ಐ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಆವಕ ನಂಬರ್ ಬರೆಸಿಕೊಳ್ಳದೆ ಎದ್ದು ಬರಬೇಡಿ. ಅರ್ಜಿಯಲ್ಲಿ "ಹಂಪ್ ಹಾಕಿಕೊಡಿ" ಅಂತಷ್ಟೇ ಬರೆದರೆ ಒಂದು ಹಂಪ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಶಾಲೆ ಬಿಡುವ ಹದಿನೈದು ನಿಮಿಷದಲ್ಲಿ ಎಷ್ಟು ಮಕ್ಕಳು ದಾಟಿದರು, ಎಷ್ಟು ಗಾಡಿ ಹೋದವು ಅಂತ ಏಳನೇ ತರಗತಿ ಮಕ್ಕಳನ್ನು ಕಾಂಪೌಂಡ್ ಒಳಗೇ ಕೂರಿಸಿ ಎಣಿಸಿ ಬರೆಸಿ, ಆ ಪಟ್ಟಿ ಹಚ್ಚಿ. ಹುಡುಗಿಗೆ ಪೆಟ್ಟಾದ ದಿನಾಂಕ, ಜಾಗದ ಫೋಟೋ ಇರಲಿ. ರಸ್ತೆಯನ್ನು ಸುರಕ್ಷತೆ ಮಾನದಂಡದಂತೆ ಮಾಡದಿದ್ದರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡ ಅನ್ನುವ 198ಎ ಕಲಂ ಮೋಟಾರು ವಾಹನ ಕಾಯ್ದೆಯಲ್ಲಿದೆ. ಅದನ್ನು ಮೊದಲ ಅರ್ಜಿಯಲ್ಲಿ ಎತ್ತಬೇಡಿ, ಎರಡನೆಯದಕ್ಕೆ ಇಟ್ಟುಕೊಳ್ಳಿ.

ಈ ಸೀಜನ್‌ಗೆ ಮಾತ್ರ ಆಗಬೇಕಾದದ್ದು ಸಕ್ಕರೆ ಫ್ಯಾಕ್ಟರಿಯಲ್ಲಿ ಆಗುತ್ತದೆ. ನಿಮ್ಮೂರ ಕಬ್ಬು ನೋಡುವ ಫೀಲ್ಡ್‌ಮನ್ ಯಾರು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಶಾಲೆ ಸುರುವಾಗುವ, ಬಿಡುವ ಹೊತ್ತಿಗೆ ಗಾಡಿಗಳು ಊರ ಹೊರಗೇ ಅರ್ಧ ತಾಸು ನಿಲ್ಲಲಿ, ಶಾಲೆ ಮುಂದೆ ಎರಡನೇ ಗೇರ್‌ನಲ್ಲಿ ಹೋಗಲಿ, ಟೇಪ್ ಸೌಂಡ್ ಬಂದ್ ಇರಲಿ ಅಂತ ಅವರ ಮೂಲಕ ಡ್ರೈವರ್‌ಗಳಿಗೆ ಹೇಳಿಸಿ. ಫ್ಯಾಕ್ಟರಿಯ ಕಬ್ಬು ವಿಭಾಗಕ್ಕೂ ಒಂದು ಪತ್ರ ಬರೆಯಿರಿ. ರೈತರೂ ನೀವೇ, ಪಾಲಕರೂ ನೀವೇ, ನಿಮ್ಮ ಮಾತು ತೆಗೆದುಹಾಕಲಾರರು. ಕಬ್ಬು ಜಗ್ಗುವುದಕ್ಕೆ ನನಗೆ ತಿಳಿದ ಉಪಾಯ ಒಂದೇ: ವಾರಕ್ಕೊಮ್ಮೆ ಯಾರಾದರೂ ಒಂದು ಹೊರೆ ಕಬ್ಬು ಶಾಲೆಗೇ ಕೊಡಿ, ಹುಡುಗರು ಅಂಗಳದಲ್ಲಿ ಕೂತು ತಿನ್ನಲಿ.

ಶಾಲೆಗೆ ಹಿಂದೆ ಅಥವಾ ಬಗಲಿಗೆ ಓಣಿ ಇದೆಯೇ? ಇದ್ದರೆ ಆ ಕಡೆ ಕಾಂಪೌಂಡ್ ಒಡೆದು ಸಣ್ಣ ಗೇಟ್ ಇಡಿಸಿ. ಪಂಚಾಯ್ತಿ ಪಿಡಿಒ ಮನಸ್ಸು ಮಾಡಿದರೆ ಬೇಗ ಆಗುವ ಕೆಲಸ, ಹಂಪ್‌ಗಿಂತ ಅಗ್ಗ.

ಮರುಉತ್ತರ (ಎಸ್‌ಡಿಎಂಸಿ ಸದಸ್ಯೆ):

ಬಗಲಿಗೆ ಓಣಿ ಐತ್ರಿ ಸರ, ಆದ್ರ ಅಲ್ಲಿ ಒಬ್ಬರ ತಿಪ್ಪಿ ಐತಿ. ಶನಿವಾರ ಸಭಾ ಕರದೇವಿ. ಮೊದ್ಲ ತಿಪ್ಪಿ ಮಾತು, ಆಮ್ಯಾಲ ಠರಾವ್.

ಉತ್ತರ:

ಸರಿ ಅಕ್ಕಾರ. ಠರಾವು ಬರೆದ ಮೇಲೆ ಫೋಟೋ ಇಲ್ಲೇ ಹಾಕಿ, ಸಹಿ ಆಗುವ ಮೊದಲು ಒಮ್ಮೆ ನೋಡಿಕೊಡುತ್ತೇನೆ. ರಸ್ತೆ ನಂಬರ್ ಮತ್ತು ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಅದರಲ್ಲಿ ಇರಲೇಬೇಕು.