ಅಪ್ಪಂಗೆ ಲಕ್ವ ಆಗಿ ಎಡ ಭುಜ ವಿಪರೀತ ನೋವು, ಫಿಸಿಯೋ ಮುಂದುವರಿಸೋದಾ ನಿಲ್ಲಿಸೋದಾ?

ತೆಂಗಿನಗರಿ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಬರೀತಿದೀನಿ ಬೇಜಾರ್ ಮಾಡ್ಕೋಬೇಡಿ. ಅಪ್ಪಂಗೆ 63 ವರ್ಷ, ಬಿಪಿ ಶುಗರ್ ಎರಡೂ ಇದೆ. ಯುಗಾದಿ ಕಳೆದ ಮೇಲೆ ಲಕ್ವ ಹೊಡೀತು, ಎಡಗಡೆ ಕೈ ಕಾಲು ಎರಡೂ ಸ್ವಾಧೀನ ತಪ್ತು, ಸ್ಕ್ಯಾನ್ ಮಾಡಿ ಮೆದುಳಿನ ಬಲಗಡೆ ರಕ್ತ ಹೆಪ್ಪುಗಟ್ಟಿದೆ ಅಂದ್ರು. ನಾಲ್ಕೂವರೆ ಗಂಟೆ ಒಳಗೆ ಬಂದಿದ್ರೆ ಇಂಜೆಕ್ಷನ್ ಕೊಡಬಹುದಿತ್ತು ಅಂದ್ರು, ನಮ್ಮೂರಿಂದ ಅಷ್ಟೊತ್ತಿಗೆ ತಲುಪೋಕೆ ಆಗ್ಲಿಲ್ಲ. ಈಗ ಮನೇಲಿದಾರೆ, ಅರಸೀಕೆರೆ ಹತ್ರ ಹಳ್ಳಿ. ಮಾತು ಬರುತ್ತೆ, ಊಟ ಸರಿಯಾಗಿ ನುಂಗ್ತಾರೆ, ಪಕ್ಕದಲ್ಲಿ ಒಬ್ರು ಹಿಡ್ಕೊಂಡ್ರೆ ಬಚ್ಚಲುಮನೆವರೆಗೂ ನಡೀತಾರೆ, ಪಾದ ಮಾತ್ರ ನೆಲಕ್ಕೆ ಉಜ್ಕೊಂಡು ಬರುತ್ತೆ. ಎಡಗೈ ಮಾತ್ರ ಜೋತು ಬಿದ್ದಿದೆ.

ಟೌನಿಂದ ಒಬ್ರು ಫಿಸಿಯೋ ಅಂತ ಮನೆಗೆ ಬರ್ತಾರೆ. ಭುಜಕ್ಕೆ ಕರೆಂಟ್ ಮಷಿನ್ ಇಟ್ಟು ಫೋನ್ ನೋಡ್ತಾ ಕೂತಿರ್ತಾರೆ, ಆಮೇಲೆ ಬಾಗಿಲ ಮೇಲೆ ರಾಟೆ ಕಟ್ಟಿದಾರೆ ಅದಕ್ಕೆ ಹಗ್ಗ ಹಾಕಿ ಬಲಗೈಲಿ ಎಳೆಸಿ ಎಡಗೈ ತಲೆ ಮೇಲೆ ಹೋಗೋ ಹಂಗೆ ಮಾಡಿಸ್ತಾರೆ. ಅಪ್ಪ ಕೂಗ್ಕೋತಾರೆ, ಅವರು ನೋವಾದ್ರೇನೇ ಗುಣ ಆಗೋದು ತಡ್ಕೊಳಿ ಯಜಮಾನ್ರೇ ಅಂತಾರೆ. ಮೊದ್ಲು ಭುಜ ನೋವೇ ಇರ್ಲಿಲ್ಲ, ಈಗ ರಾತ್ರಿ ಆ ಕಡೆ ಹೊರಳೋಕೂ ಆಗಲ್ಲ, ನಿದ್ದೆ ಇಲ್ಲ, ಅಮ್ಮಂಗೂ ಇಲ್ಲ. ಫಿಸಿಯೋ ನಿಲ್ಸಿದ್ರೆ ಕೈ ಪೂರ್ತಿ ಹೋಗ್ಬಿಡುತ್ತೇನೋ ಅಂತ ಭಯ.

ಇನ್ನೊಂದು ವಿಷ್ಯ, ಸಣ್ಣದೇ ಆದ್ರೂ ಹೇಳ್ತೀನಿ. ತಟ್ಟೇಲಿ ಎಡಗಡೆ ಬಡಿಸಿದ ಪಲ್ಯ ಹಂಗೇ ಬಿಟ್ಟಿರ್ತಾರೆ, ಅನ್ನ ಸಾರು ಮುಗಿಸಿ ಇನ್ನೇನಿಲ್ವಾ ಅಂತ ಕೇಳ್ತಾರೆ. ಅಮ್ಮ ಸೇರಲ್ಲ ಅಂತ ಬೇರೆ ಬೇರೆ ಪಲ್ಯ ಮಾಡಿ ಸುಸ್ತಾಗಿದಾರೆ. ಕೇಳಿದ್ರೆ ನಂಗೇನೂ ಆಗಿಲ್ಲ, ನಾಳೆ ತೋಟಕ್ಕೆ ಹೋಗ್ತೀನಿ ಅಂತಾರೆ. ಬುದ್ಧಿಗೇನಾದ್ರೂ ಆಯ್ತಾ? ನಿಮ್ಹಾನ್ಸ್‌ಗೆ ಕರ್ಕೊಂಡ್ ಹೋಗ್ಬೇಕಾ ಇಲ್ಲೇ ಸಾಕಾ? ಗೊತ್ತಿರೋರು ಹೇಳಿ ಪ್ಲೀಸ್.

ಮದ್ದೂರ್‌ವಡೆ:

ನಮ್ಮತ್ತೆನ ಲಕ್ವ ಆದಾಗಿಂದ ನಾನೇ ನೋಡ್ಕೊತಿರೋದು, ಡಾಕ್ಟ್ರಲ್ಲ, ಗೊತ್ತಿರೋದು ಹೇಳ್ತೀನಿ. ಮೊದ್ಲು ಒಂದ್ ವಿಷ್ಯ ಗಮನಿಸಿ, ಮನೇಲಿ ಎತ್ತಿ ಕೂರಿಸ್ವಾಗ ಯಾರಾದ್ರೂ ಆ ಕಂಕುಳಿಗೆ ಕೈ ಹಾಕಿ ಎತ್ತಾ ಇದಾರಾ? ನೋಡೋಕೆ ಬಂದ ನೆಂಟ್ರು ಕೈ ಹಿಡಿದು ಎಳ್ದು ಏಳಿ ಏಳಿ ಅಂತ ಎಬ್ಬಿಸ್ತಾರಾ? ಅದು ಪೂರ್ತಿ ಬಂದ್. ಅಂಗಿ ಹಾಕುವಾಗ ಲಕ್ವದ ಕೈಗೆ ಮೊದ್ಲು ತೋಳು ಹಾಕಿ, ಬಿಚ್ಚುವಾಗ ಅದನ್ನ ಕೊನೇಲಿ ಬಿಚ್ಚಿ, ಇದೊಂದ್ರಲ್ಲೇ ದಿನಾ ಎಷ್ಟು ಎಳೆದಾಟ ತಪ್ಪುತ್ತೆ ಗೊತ್ತಾ. ಬನಿಯನ್ ಬಿಟ್ಟು ಮುಂದೆ ಗುಂಡಿ ಇರೋ ಅಂಗಿ ಹಾಕಿ. ಕೂತಾಗ ತೊಡೆ ಮೇಲೆ ದಿಂಬು ಇಟ್ಟು ಅದ್ರ ಮೇಲೆ ಮೊಣಕೈಯಿಂದ ಬೆರಳುವರೆಗೂ ಇಡಿ, ಜೋತಾಡೋಕೆ ಬಿಡ್ಬೇಡಿ. ಬಲ ಮಗ್ಗುಲಾಗಿ ಮಲಗಿಸ್ದಾಗ್ಲೂ ಎಡಗೈ ಎದೆ ಮುಂದೆ ದಿಂಬಿನ ಮೇಲಿರ್ಬೇಕು. ರಾಟೆ ಬಗ್ಗೆ ಗೊತ್ತಿರೋರು ಹೇಳ್ಲಿ, ನಮ್ ಫಿಸಿಯೋ ಮೇಡಂ ಅಂತೂ ಯಾವತ್ತೂ ಕಟ್ಟಿಲ್ಲ.

ಹಳ್ಳಿಹೈದ_77:

ಇಂಗ್ಲಿಷ್ ಮದ್ದಿಗೆ ಲಕ್ವ ಬಗ್ಗಲ್ಲ ಗುರು. ನಮ್ ಚಿಕ್ಕಪ್ಪಂಗೂ ಹಿಂಗೇ ಆಗಿತ್ತು, ಪಾರಿವಾಳದ ರಕ್ತ ಹಚ್ಚಿ ಬಿಸಿ ಎಣ್ಣೆಲಿ ನೀವಿಸಿದ್ವಿ, ನಾಟಿ ಔಷಧಿ ಕುಡಿಸಿದ್ವಿ, ಎರಡು ತಿಂಗಳಲ್ಲಿ ಎದ್ದು ಓಡಾಡಿದ್ರು. ಮಾತ್ರೆಗೀತ್ರೆ ಎಲ್ಲ ಬಿಡಿಸಿದ್ರು ಆ ನಾಟಿ ಔಷಧಿ ಕೊಟ್ಟೋರು. ಫಿಸಿಯೋಗೆ ಕೊಡೋ ದುಡ್ಡಲ್ಲಿ ಅಷ್ಟು ಮಾಡಿ ನೋಡಿ.

ಹುಬ್ಬಳ್ಳಿ_ಫಿಸಿಯೋ:

ನಾ ಹುಬ್ಬಳ್ಳ್ಯಾಗ ಫಿಸಿಯೋ ಅದೀನ್ರಿ, ನ್ಯೂರೋ ಪೇಷಂಟ್ಸ್ ಜಾಸ್ತಿ ನೋಡ್ತೀನಿ. ಮದಲ ಆ ರಾಟಿ ಇವತ್ತ ಬಿಚ್ಚಿಡ್ರಿ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ದವರು 2016ರಾಗ ಸ್ಟ್ರೋಕ್ ರಿಹ್ಯಾಬ್, ಅಂದ್ರ ಲಕ್ವ ಆದ ಮ್ಯಾಲಿನ ಚೇತರಿಕಿ ಬಗ್ಗೆ ಮಾಡಿದ ಗೈಡ್‌ಲೈನ್‌ನ್ಯಾಗ ತಲಿ ಮ್ಯಾಲಿನ ಪುಲ್ಲಿ ಬ್ಯಾಡ ಅಂತ ನೇರ ಹೇಳ್ಯಾರ. ಆದ್ರೂ ಫ್ರೋಜನ್ ಶೋಲ್ಡರ್ ಅಂದ್ರ ಭುಜ ಬಿಗಿದ ಮಂದಿಗೆ ಅಂತ ಗ್ವಾಡಿಗೆ ಹೊಡದ ಪುಲ್ಲಿಯನ್ನ ಲಕ್ವದ ಕೈಗೂ ಹಚ್ಚಿಬಿಡ್ತಾರ ನೋಡ್ರಿ, ಅದಕ್ಕ ನನಗ ಸಿಟ್ಟ ಬರೂದು.

ಭುಜದ ಕೀಲು ಅಂದ್ರ ಸಣ್ಣ ತಾಟಿನ ಮ್ಯಾಲ ದೊಡ್ಡ ಚೆಂಡ ಇಟ್ಟಂಗ ಐತ್ರಿ, ಅದನ್ನ ಹಿಡದಿಡೂದು ಸುತ್ತಲಿನ ಸ್ನಾಯು. ಲಕ್ವ ಹೊಡದಾಗ ಆ ಸ್ನಾಯು ಸಡ್ಲ ಆಗ್ತಾವ, ಕೈಯಿನ ಭಾರಕ್ಕ ಚೆಂಡ ಕೆಳಗ ಜಾರತೈತಿ. ಅಪ್ಪಾಜಿನ್ನ ಕುರ್ಚಿ ಮ್ಯಾಲ ಕುಂದ್ರಿಸಿ, ಭುಜದ ತುದಿ ಎಲುಬಿನ ಕೆಳಗ ಹಗೂರಕ ಬಟ್ಟು ಇಟ್ಟು ಎರಡೂ ಕಡೆ ಹೋಲಿಸಿ ನೋಡ್ರಿ, ಎಡಕ್ಕ ಬಟ್ಟು ಹಿಡಿಸುವಷ್ಟು ತಗ್ಗು ಸಿಕ್ಕರ ಜಾರೇತಿ ಅಂತ ಲೆಕ್ಕ. ಇನ್ನ ಕೈ ಮ್ಯಾಲ ಹೋಗುವಾಗ ಬೆನ್ನ ಹಿಂದಿನ ರೆಕ್ಕಿ ಎಲುಬೂ ಜೊತಿಗೆ ತಿರಗಬೇಕು, ಹಗ್ಗ ಜಗ್ಗಿದಾಗ ಅದು ತಿರಗೂದಿಲ್ಲ, ಬರೇ ಕೈ ಅಷ್ಟ ಮ್ಯಾಲ ಹೋಗಿ ನಡುವಿನ ಸ್ನಾಯು ಜಜ್ಜತೈತಿ. ಮ್ಯಾಲ ಶುಗರ್ ಬ್ಯಾರೆ ಐತಿ, ಶುಗರ್ ಇದ್ದವರಿಗೆ ಭುಜ ಬಿಗಿಯೂದು ಮದಲ ಜಾಸ್ತಿ. ನೋವಾದ್ರ ಗುಣ ಆಗತೈತಿ ಅನ್ನೂದು ಈ ಭುಜಕ್ಕ ಸುಳ್ಳ ಮಾತ್ರಿ, ನೋವಾದಷ್ಟು ಕೈ ಎದಿಗೆ ಬಿಗಿ ಹಿಡ್ಕೊತಾರ, ಬಿಗಿ ಹಿಡದಷ್ಟು ಮತ್ತ ನೋವು.

ಹಂಗಂತ ಕೈ ಆಡಿಸೂದ ಬಿಡಬ್ಯಾಡ್ರಿ. ಮಲಗಿಸಿ, ನಿಮ್ಮ ಒಂದು ಕೈ ಅವರ ರೆಕ್ಕಿ ಎಲುಬಿನ ಕೆಳಗ, ಇನ್ನೊಂದರಿಂದ ಮೊಣಕೈ ಹಿಡದು, ಅಂಗೈ ಮ್ಯಾಲ ಮಾಡಿ, ಸಾವಕಾಶ ಭುಜದ ಮಟ್ಟದ ತನಕ ಅಷ್ಟ ಎತ್ರಿ. ಮುಖ ಕಿವುಚೂಕಿಂತ ಮದಲ ನಿಲ್ಸಬೇಕು. ಜೋಳಿಗಿ ಅಂದ್ರ ಕುತ್ತಿಗಿಗೆ ಹಾಕೂ ಸ್ಲಿಂಗ್ ನಡಿಯುವಾಗ, ಎದ್ದು ನಿಲ್ಲುವಾಗ ಅಷ್ಟ ಹಾಕ್ರಿ, ದಿನಾ ಪೂರ್ತಿ ಹಾಕಿದ್ರ ಮೊಣಕೈ ಮಡಚಿದಂಗ ಕೂತ ಬಿಡತೈತಿ. ಕರೆಂಟ್ ಪೂರಾ ದಂಡ ಅಂತ ನಾ ಹೇಳೂದಿಲ್ಲ, ಭುಜದ ಮ್ಯಾಲಿನ ಸ್ನಾಯು ಕಣ್ಣಿಗೆ ಕಾಣುವಂಗ ಎದ್ದು ಕುಣಿಯೂ ಕರೆಂಟ್ ಶುರುವಿನ ತಿಂಗಳೊಳಗ ಕೀಲು ಜಾರೂದನ್ನ ಕಡಿಮಿ ಮಾಡತೈತಿ. ಬರೇ ಇರಿವಿ ಹರದಂಗ ಚುಮುಚುಮು ಅನ್ನಾಕತ್ತಿದ್ರ ಅದು ನೋವಿಗೆ ಇಟ್ಟದ್ದು, ಕೈ ಬರೂದಕ್ಕಲ್ಲ.

ಒಂದು ಪ್ರಶ್ನಿ, ಮುಂಗೈ ಬಾತೇತೇನು? ಚರ್ಮ ಹೊಳೀತೈತೇನು, ಬಟ್ಟು ಮಡಚಿದ್ರ ನೋವೇನು? ಹಂಗಿದ್ರ ತಡ ಮಾಡಬ್ಯಾಡ್ರಿ, ಅದು ಶೋಲ್ಡರ್ ಹ್ಯಾಂಡ್ ಸಿಂಡ್ರೋಮ್, ಅಂದ್ರ ಲಕ್ವದ ಮ್ಯಾಲ ಭುಜ ನೋವಾಗಿ ಕೈ ಬಾಯೂ ತೊಂದ್ರಿ ಇರಬಹುದು, ಡಾಕ್ಟರ್ ಔಷಧಿ ಕೊಡಬೇಕಾಗತೈತಿ, ವ್ಯಾಯಾಮ ಅಷ್ಟ ಸಾಕಾಗೂದಿಲ್ಲ.

ಹಳ್ಳಿಹೈದ ಅಣ್ಣಾರ, ನಿಮ್ಮ ಕಾಕಾ ಎದ್ದು ಅಡ್ಡಾಡಿದ್ದು ಭಾಳ ಸಂತೋಷ. ಆದ್ರ ಮದಲನೇ ಎರಡು ಮೂರು ತಿಂಗಳ ಮೆದುಳು ತಾನ ಚೇತರಿಸಿಕೊಳ್ಳೂ ಹೊತ್ತು, ಆವಾಗ ಏನ್ ಹಚ್ಚಿದ್ರೂ ಅದಕ್ಕ ಹೆಸರು ಬರತೈತಿ, ನಮ್ಮ ಕರೆಂಟ್ ಮಷಿನ್ನಿಗೂ ಹಂಗ ಬಂದೈತಿ ಅನ್ರಿ. ಎಣ್ಣಿ ಹಗೂರ ಸವರಿದ್ರ ತಕರಾರಿಲ್ಲ. ಸ್ಪರ್ಶ ಗೊತ್ತಾಗದ ಕೈಗೆ ಬಿಸಿ ಎಣ್ಣಿ, ಬಿಸಿ ನೀರಿನ ಚೀಲ ಇಟ್ಟು ಬೊಬ್ಬಿ ಎದ್ದವರನ್ನ ನೋಡೇನಿ, ಶುಗರ್ ಇದ್ರ ಆ ಗಾಯ ಲಗೂ ಮಾಯೂದಿಲ್ಲ. ಬಿಪಿ ಗುಳಿಗಿ, ರಕ್ತ ತೆಳು ಮಾಡೂ ಗುಳಿಗಿ ಬಿಡಿಸೂದಂತೂ ಎರಡನೇ ಲಕ್ವಕ್ಕ ದಾರಿ ಮಾಡಿಕೊಟ್ಟಂಗ, ದಯಮಾಡಿ ಆ ಮಾತು ಯಾರಿಗೂ ಹೇಳಬ್ಯಾಡ್ರಿ.

ಕೈಕೆಲಸ_ಓಟಿ:

ಬೆಂಗ್ಳೂರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ) ನಾನು, ಊಟ ಬಟ್ಟೆ ಥರದ ದಿನದ ಕೆಲ್ಸ ಮತ್ತೆ ಮಾಡೋಕೆ ಕಲಿಸೋರು. ಭುಜದ ಬಗ್ಗೆ ಹುಬ್ಬಳ್ಳಿ ಸರ್ ಹೇಳಿದ್ದಕ್ಕೆ ನಂದೂ ಸಹಿ. ನಂಗೆ ಕಣ್ಣಿಗೆ ಬಿದ್ದಿದ್ದು ಆ ಪಲ್ಯ. ಅದು ರುಚಿ ವಿಷ್ಯ ಅಲ್ಲ, ಬುದ್ಧಿ ಕೆಟ್ಟಿರೋದೂ ಅಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ್ರೆ ಎಷ್ಟೋ ಜನಕ್ಕೆ ಎಡಗಡೆಯ ಪ್ರಪಂಚಾನೇ ಗಮನಕ್ಕೆ ಬರಲ್ಲ, ಕಣ್ಣು ಸರಿಯಾಗೇ ಇರುತ್ತೆ, ಮೆದುಳು ಆ ಕಡೆ ನೋಡೋದನ್ನೇ ಮರೆತಿರುತ್ತೆ. ನೆಗ್ಲೆಕ್ಟ್ ಅಂತೀವಿ. ಇವತ್ತು ಊಟದ ಮಧ್ಯೆ ಏನೂ ಹೇಳದೆ ತಟ್ಟೆನ ಅರ್ಧ ಸುತ್ತು ತಿರುಗಿಸಿ ನೋಡಿ, ಪಲ್ಯ ಬಲಕ್ಕೆ ಬಂದ್ರೆ ತಿಂತಾರೆ. ಗಡ್ಡ ಬಲಗಡೆ ಮಾತ್ರ ಕೆರ್ಕೊಂಡಿರೋದು, ಬಾಗಿಲಲ್ಲಿ ಎಡ ಭುಜ ತಗಲಿಸ್ಕೊಳೋದು, ಎಡಗೈ ಮೇಲೇನೇ ಕೂತಿರೋದು ಇವೆಲ್ಲ ಇದ್ರೆ ಅದೇ.

ನಂಗೇನೂ ಆಗಿಲ್ಲ ಅನ್ನೋದೂ ಹಠ ಅಲ್ಲ, ಅದೇ ಪೆಟ್ಟಿನ ಭಾಗ, ತಮಗೆ ಆಗಿರೋ ತೊಂದ್ರೆ ಅವರಿಗೇ ಗೊತ್ತಾಗ್ತಿಲ್ಲ. ಇಂಥವ್ರು ರಾತ್ರಿ ಎದ್ದು ಒಬ್ರೇ ಬಚ್ಚಲಿಗೆ ಹೊರಟು ಬೀಳೋದು ಜಾಸ್ತಿ, ಕೈಲಿ ಆಗುತ್ತೆ ಅಂತ ಅವ್ರು ಹೇಳಿದ ಮಾತ್ರಕ್ಕೆ ಒಬ್ರನ್ನೇ ಬಿಡ್ಬೇಡಿ. ಮಾತಾಡ್ಸೋರು ಎಡಗಡೆ ಕೂತ್ಕೊಂಡು ಮಾತಾಡ್ಸಿ, ಟಿವಿ ಎಡಕ್ಕೆ ಸ್ವಲ್ಪ ಸರಿಸಿ, ತಟ್ಟೆ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ ಆ ಕೆಂಪು ಸಿಗೋವರೆಗೂ ಹುಡುಕಿ ಅನ್ನಿ. ಭುಜದ ನೋವಿಗೂ ಇದಕ್ಕೂ ಸಂಬಂಧ ಇದೆ ಕಣ್ರೀ, ತನ್ನ ಕೈ ಅನ್ನೋ ಗಮನಾನೇ ಇಲ್ದೆ ಇರೋದಕ್ಕೆ ಕೈ ಎಲ್ಲೋ ಸಿಕ್ಕಾಕೊಂಡ್ರೂ ಹಂಗೇ ಮಗ್ಗುಲು ಬದಲಾಯಿಸಿ ಎಳ್ಕೊಂಡ್‌ಬಿಡ್ತಾರೆ.

ಇನ್ನೊಂದು, ಯಾರೋ ಸ್ಪಂಜಿನ ಬಾಲ್ ತಂದು ಹಿಸುಕಿ ಅಂತ ಖಂಡಿತ ಕೊಟ್ಟಿರ್ತಾರೆ. ಮುಷ್ಟಿ ಮಾಡೋದು ಲಕ್ವದ ಕೈಗೆ ಹೇಗೂ ಆಮೇಲೆ ಬರುತ್ತೆ, ಬರದೇ ಇರೋದು ಬೆರಳು ಬಿಚ್ಚೋದು. ಅದರ ಬದ್ಲು ಟೇಬಲ್ ಮೇಲೆ ಟವೆಲ್ ಹಾಸಿ ಎರಡೂ ಕೈ ಅದ್ರ ಮೇಲಿಟ್ಟು ಮುಂದೆ ಹಿಂದೆ ಒರೆಸೋದು, ಖಾಲಿ ಚೊಂಬನ್ನ ಎರಡೂ ಕೈಲಿ ಹಿಡ್ದು ಸರಿಸೋದು, ತೆಂಗಿನ ಗರಿ ಸೀಳುವಾಗ ಎಡಗೈ ಬರೀ ಅದುಮಿ ಹಿಡ್ಕೊಳ್ಳೋ ಕೆಲ್ಸ, ಇಂಥವು ಮಾಡಿಸಿ. ಒಳ್ಳೇ ಕೈ ಕಟ್ಟಿಹಾಕಿ ಲಕ್ವದ ಕೈಯಿಂದಾನೇ ಎಲ್ಲ ಮಾಡಿಸ್ತಾರೆ ಅಂತ ಯೂಟ್ಯೂಬಲ್ಲಿ ನೋಡಿರಬಹುದು, ಅದಕ್ಕೆ ಮಣಿಕಟ್ಟು 20 ಡಿಗ್ರಿ, ಬೆರಳು 10 ಡಿಗ್ರಿಯಾದ್ರೂ ತಾನಾಗೇ ಮೇಲೆದ್ದು ಬಿಚ್ಕೋಬೇಕು, ಜೋತು ಬಿದ್ದಿರೋ ಕೈಗೆ ಈಗ ಬೇಡ. ಕೈ ಬರುತ್ತಾ ಅಂತ ಗ್ಯಾರಂಟಿ ಯಾರೂ ಕೊಡೋಕಾಗಲ್ಲ, ಭುಜ ಸ್ವಲ್ಪ ಎತ್ತೋಕೆ, ಬೆರಳು ಚೂರಾದ್ರೂ ಬಿಚ್ಚೋಕೆ ಶುರು ಆದ್ರೆ ಒಳ್ಳೇ ಸೂಚನೆ. ಆರು ತಿಂಗಳಾದ್ಮೇಲೆ ಏನೂ ಆಗಲ್ಲ ಅನ್ನೋರ ಮಾತು ನಂಬಬೇಡಿ, ನಿಧಾನ ಆಗುತ್ತೆ, ನಿಲ್ಲಲ್ಲ.

ನಿಮ್ಹಾನ್ಸಲ್ಲಿ ನ್ಯೂರಾಲಾಜಿಕಲ್ ರಿಹ್ಯಾಬಿಲಿಟೇಷನ್ ಅಂತಾನೇ ಬೇರೆ ವಿಭಾಗ ಇದೆ, ಡಾಕ್ಟ್ರು ಫಿಸಿಯೋ ಓಟಿ ಒಂದೇ ಕಡೆ ನೋಡ್ತಾರೆ, ಒಮ್ಮೆ ತೋರಿಸಿ ಮನೇಲಿ ಏನ್ ಮಾಡ್ಬೇಕು ಅಂತ ಕಲ್ತು ಬರೋದು ಒಳ್ಳೇದು. ಅರಸೀಕೆರೆ ಜಂಕ್ಷನ್ ಇರೋದ್ರಿಂದ ಟ್ರೈನಲ್ಲಿ ಲೋಯರ್ ಬರ್ತ್ ಮಾಡ್ಸಿ ಕರ್ಕೊಂಡ್ ಬನ್ನಿ, ಅಷ್ಟು ದೂರ ಬಸ್ ಕುಲುಕಾಟ ಆ ಭುಜಕ್ಕೆ ಬೇಡ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮ್ ಮರೀಬೇಡಿ. ಆದ್ರೆ ದಿನದ ಫಿಸಿಯೋಗೆ ಬೆಂಗ್ಳೂರು ಬೇಕಿಲ್ಲ, ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸಲ್ಲಿ ಮೊದ್ಲು ವಿಚಾರಿಸಿ.

ತೆಂಗಿನಗರಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ರಾಟೆ ಬಿಚ್ಚಿ ಅಟ್ಟಕ್ಕೆ ಹಾಕಿದ್ವಿ. ಫಿಸಿಯೋ ಅವ್ರಿಗೆ ಹೇಳಿದ್ದಕ್ಕೆ ನೀವೇ ಡಾಕ್ಟ್ರಾಗ್ಬಿಟ್ರಾ ಅಂದ್ರು, ಎಲ್ಲಿ ಓದಿದ್ದು ಸರ್ ಅಂತ ಕೇಳಿದ್ರೆ ಉತ್ತರ ಸರಿಯಾಗಿ ಬರ್ಲಿಲ್ಲ. ಭುಜದ ಕೆಳಗೆ ಬೆರಳಿಟ್ಟು ನೋಡಿದೆ, ಹೌದು ತಗ್ಗಿದೆ. ಮುಂಗೈ ಸ್ವಲ್ಪ ಊದಿದೆ, ಉಂಗುರ ತೆಗೆಯೋಕೆ ಆಗ್ತಿಲ್ಲ.

ತಟ್ಟೆ ತಿರುಗಿಸಿದೆ. ಅಪ್ಪ ಹುರುಳಿಕಾಯಿ ಪಲ್ಯ ನೋಡಿ ಇದನ್ನ ಈಗ ಬಡಿಸಿದ್ಯಾ ಅಂತ ಅಮ್ಮನ್ನ ಕೇಳಿದ್ರು. ಅಮ್ಮ ಎದ್ದು ಒಳಗೆ ಹೋಗ್ಬಿಟ್ರು.

ಹುಬ್ಬಳ್ಳಿ_ಫಿಸಿಯೋ:

ಉಂಗುರ ಇವತ್ತ ತೆಗಸ್ರಿ, ಸಾಬೂನು ಹಚ್ಚಿದ್ರೂ ಬರದಿದ್ರ ಅಕ್ಕಸಾಲಿಗರ ಕಡೆ ಕತ್ತರಿಸಿದ್ರೂ ಅಡ್ಡಿಯಿಲ್ಲ, ಬಾವು ಏರಿದ್ರ ಬಟ್ಟಿಗೆ ರಕ್ತ ಹೋಗೂದಿಲ್ಲ. ಊದಿದ ಕೈನ ದಿಂಬಿನ ಮ್ಯಾಲ ಎತ್ತರಿಸಿ ಇಡ್ರಿ, ಈ ವಾರನ ಡಾಕ್ಟರಿಗೆ ತೋರಸ್ರಿ. ಹೊಸಾ ಫಿಸಿಯೋ ಹುಡುಕುವಾಗ ಬಿಪಿಟಿ ಅಂದ್ರ ಫಿಸಿಯೋಥೆರಪಿ ಡಿಗ್ರಿ ಆಗೇತೇನು ಕೇಳ್ರಿ, ನಾಲ್ಕು ವರ್ಷದ ಓದು ಮ್ಯಾಲ ಇಂಟರ್ನ್‌ಶಿಪ್ಪು, ಕೇಳಿದ್ರ ಓದಿದವರು ಬ್ಯಾಸರ ಮಾಡ್ಕೊಳ್ಳೂದಿಲ್ಲ. ಬಂದವರು ಅಪ್ಪಾಜಿನ್ನ ಎಷ್ಟು ಸಲ ಕುರ್ಚಿಯಿಂದ ಎಬ್ಬಿಸಿ ಕುಂದ್ರಸ್ತಾರ, ಎಡಗಾಲಿನ ಮ್ಯಾಲ ಭಾರ ಹಾಕಸ್ತಾರ ನೋಡ್ರಿ, ಮಷಿನ್ ಎಷ್ಟ ತಂದಾರ ಅಂತ ನೋಡಬ್ಯಾಡ್ರಿ. ಪಾದ ಎಳಿಯೂದಕ್ಕ ಎಎಫ್‌ಓ ಅಂತ ಪಾದ ಜೋತು ಬೀಳದಂಗ ಹಿಡಿಯೂ ಪ್ಲಾಸ್ಟಿಕ್ಕಿನ ಪಟ್ಟಿ ಬರತೈತಿ, ಅಳತಿ ಕೊಟ್ಟ ಮಾಡಸಬೇಕು, ಆನ್‌ಲೈನ್ ತರಸಬ್ಯಾಡ್ರಿ.

ಮದ್ದೂರ್‌ವಡೆ:

ಎಎಫ್‌ಓ ಹಾಕಿದ್ರೆ ಹವಾಯಿ ಚಪ್ಲಿ ನಡೆಯಲ್ಲ, ಹಿಂದೆ ಬೆಲ್ಟ್ ಇರೋ ಅಗಲದ ಸ್ಯಾಂಡಲ್ ಒಂದು ನಂಬರ್ ದೊಡ್ಡದು ತಗೊಳಿ. ಶುಗರ್ ಇರೋದ್ರಿಂದ ಬಿಚ್ಚಿದ ತಕ್ಷಣ ಪಾದ ಕೆಂಪಾಗಿದ್ಯಾ ನೋಡ್ತಿರಿ. ಮತ್ತೆ ನಿಮ್ ತಂದೆ ಪಂಚೆನಾ ಉಡೋದು? ನಡೆಯುವಾಗ ಅದು ಎಳೆಯೋ ಪಾದಕ್ಕೆ ಸಿಕ್ಕೊಳುತ್ತೆ, ಎಲಾಸ್ಟಿಕ್ ಪ್ಯಾಂಟ್ ಹಾಕಿ. ಒಪ್ಪಲ್ಲ ಗೊತ್ತು, ನಮ್ಮತ್ತೆ ನೈಟಿಗೇ ಒಪ್ಪಿರ್ಲಿಲ್ಲ.