ಜೀಪಿಲ್ಲದೆ ತೋಟದ ಟ್ರೇಲ್: ತುಳಿದೇ ಹತ್ತಿದರೆ ಎಷ್ಟು ಸುತ್ತು ಆದೀತು?

ಗಾಳಿಬೀಡು ಸವಾರ:

ಮಡಿಕೇರಿ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಸೈಕಲ್ ಓಡಿಸಲು ಒಪ್ಪಿಗೆ ಸಿಕ್ಕಿದೆ. ಗೇಟಿನಿಂದ ಮೇಲಿನ ನೀರಿನ ಟ್ಯಾಂಕಿನವರೆಗೆ ಜೀಪ್ ರಸ್ತೆ 4.5 ಕಿ.ಮೀ., ಏರಿಕೆ 280 ಮೀಟರ್. ಅಲ್ಲಿಂದ ಹಳೆಯ ಕಾಲುದಾರಿಯಲ್ಲಿ ಸುಮಾರು 2.5 ಕಿ.ಮೀ. ಇಳಿಜಾರು. ಇದುವರೆಗೆ ಪಿಕಪ್‌ಗೆ ಸೈಕಲ್ ಹೇರಿ ಮೇಲೆ ಹೋಗುವುದೇ ರೂಢಿ. ಕೊಯ್ಲು ಶುರುವಾದ ಮೇಲೆ ಪಿಕಪ್ ಸಿಗುವುದಿಲ್ಲ, ಜೀಪ್ ಬಾಡಿಗೆಗೆ ಕೊಡುವಷ್ಟು ದುಡ್ಡೂ ಇಲ್ಲ. ಹಾಗಾಗಿ ಪೂರ್ತಿ ತುಳಿದೇ ಹತ್ತಬೇಕು.

ಸೈಕಲ್ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ್ದು): 29 ಇಂಚಿನ ಗಾಲಿ, ಮುಂದೆ 120 ಮಿ.ಮೀ. ಸಸ್ಪೆನ್ಷನ್ ಫೋರ್ಕ್, ಪೆಡಲ್ ಬಳಿ 32 ಹಲ್ಲಿನ ಚೈನ್‌ರಿಂಗ್, ಹಿಂದಿನ ಗಾಲಿಗೆ 11ರಿಂದ 51 ಹಲ್ಲಿನ ಗೇರ್ ಚಕ್ರಗಳ ಕ್ಯಾಸೆಟ್. ಓಡಿಸುತ್ತಲೇ ಸೀಟು ಇಳಿಸುವ ಡ್ರಾಪರ್ ಪೋಸ್ಟ್ ಇಲ್ಲ. ನನ್ನ ತೂಕ 75 ಕೆ.ಜಿ.

ಬೆಳಗ್ಗೆ ಹೊರಟು ಊಟದೊಳಗೆ ಮೂರು ಸುತ್ತು ಸಾಧ್ಯವೇ? ಚೈನ್‌ರಿಂಗ್ ಬದಲಿಸಬೇಕೇ? ಗಲ್ಲವನ್ನೂ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ಹಾಕಿಕೊಂಡು ಹತ್ತುವುದು ಹೇಗೆ? ಟ್ಯಾಂಕಿಗೆ ಮುಂಚೆ 150 ಮೀಟರ್‌ನಷ್ಟು ಕಾಂಕ್ರೀಟ್ ಏರು ತುಂಬ ಕಡಿದಾಗಿದೆ, ಅಂದಾಜು 16 ಶೇಕಡಾ. ಅಲ್ಲಿ ಮುಂದಿನ ಗಾಲಿ ಎದ್ದುಬಿಡುತ್ತದೆ.

ಐವತ್ತೊಂದು ಹಲ್ಲು:

ಮೂರು ಸುತ್ತು ಧಾರಾಳವಾಗಿ ಆಗುತ್ತದೆ, ಮೊದಲನೆಯದನ್ನು ನಿಧಾನವಾಗಿ ಹತ್ತಿದರೆ ಮಾತ್ರ. ಲೆಕ್ಕ ನೋಡಿ. ನೀವು, ಸೈಕಲ್, ಬ್ಯಾಗು ಸೇರಿ 95 ಕೆ.ಜಿ. ಅಂದುಕೊಳ್ಳೋಣ. 280 ಮೀಟರ್ ಮೇಲೇರಿಸುವುದಕ್ಕೇ 260 ಕಿಲೋಜೂಲ್ ಬೇಕು; ಮಣ್ಣು ರಸ್ತೆಯ ಉರುಳು ತಡೆ ಸೇರಿದರೆ 345ರ ಆಸುಪಾಸು. ಇದನ್ನು 45 ನಿಮಿಷಕ್ಕೆ ಹಂಚಿದರೆ ಪೆಡಲ್ ಮೇಲೆ ಸುಮಾರು 130 ವ್ಯಾಟ್. ಅದೇ 35 ನಿಮಿಷದಲ್ಲಿ ಹತ್ತುತ್ತೇನೆ ಎಂದರೆ 170 ವ್ಯಾಟ್. ಹತ್ತು ನಿಮಿಷ ಉಳಿಸಲು ಹೋಗಿ ಮೂರನೇ ಸುತ್ತನ್ನೇ ಕಳೆದುಕೊಳ್ಳುತ್ತೀರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಉಸಿರಿರಬೇಕು, ಅದೇ ಅಳತೆ. ಹತ್ತಲು 45, ಮೇಲೆ 10, ಇಳಿಯಲು 10, ಕೆಳಗೆ 10 ನಿಮಿಷ: ಸುತ್ತಿಗೆ ಒಂದೂಕಾಲು ಗಂಟೆ ಹಿಡಿಯಿರಿ. ಎಂಟು ಗಂಟೆಗೆ ಶುರು ಮಾಡಿದರೆ ಹನ್ನೆರಡರೊಳಗೆ ಮುಗಿಯುತ್ತದೆ.

32 ಹಲ್ಲಿನ ಚೈನ್‌ರಿಂಗ್ ಜಾಗಕ್ಕೆ 30ರದ್ದು ಹಾಕಿ. ಮುಂದಿನ 32ಕ್ಕೆ ಹಿಂದಿನ 51 ಜೋಡಿಸಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 5.2 ಕಿ.ಮೀ., ಆ ಕಾಂಕ್ರೀಟ್ ಏರಿನಲ್ಲಿ ಅದಕ್ಕೆ ಹತ್ತಿರಹತ್ತಿರ 250 ವ್ಯಾಟ್ ಬೇಕು. 30ರಲ್ಲಿ ಅದು 235ಕ್ಕೆ ಇಳಿಯುತ್ತದೆ, 28ರಲ್ಲಿ 220. ಎರಡು ಹಲ್ಲು ಇಳಿಸಿದರೆ ಚೈನ್ ಉದ್ದ ಸಾಮಾನ್ಯವಾಗಿ ಹಾಗೇ ನಡೆಯುತ್ತದೆ. ಕೊಳ್ಳುವ ಮುಂಚೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ನೋಡಿ: ರಿಂಗ್ ನೇರ ಅದಕ್ಕೇ ಕೂರುವ ಡೈರೆಕ್ಟ್ ಮೌಂಟ್ ಆದರೆ ತೊಂದರೆಯಿಲ್ಲ. 104 ಬಿಸಿಡಿಯ (ಬೋಲ್ಟುಗಳ ವೃತ್ತದ ವ್ಯಾಸ 104 ಮಿ.ಮೀ.) ನಾಲ್ಕು ಬೋಲ್ಟಿನದಾದರೆ 32ಕ್ಕಿಂತ ಚಿಕ್ಕ ಮಾಮೂಲಿ ರಿಂಗ್ ಕೂರುವುದಿಲ್ಲ. ರಿಂಗಿನಲ್ಲೇ ಥ್ರೆಡ್ ಇರುವ 30 ಹುಡುಕಬೇಕು.

ಮುಂದಿನ ಗಾಲಿ ಏಳುವುದಕ್ಕೆ ಕಾರಣ ನಿಮ್ಮ ತೂಕ ಹಿಂದಿನ ಆಕ್ಸಲ್ ಮೇಲೆ ಕೂತಿರುವುದು. ಸೀಟಿನ ಮೂತಿಗೆ ಸರಿಯಿರಿ, ಎದೆ ಹ್ಯಾಂಡಲ್ ಕಡೆ ಬಗ್ಗಲಿ, ಮೊಣಕೈ ಕೆಳಗೆ ಒಳಗೆ. ಹ್ಯಾಂಡಲ್ ಮೇಲಕ್ಕೆ ಎಳೆಯಬಾರದು, ಹಿಂದಕ್ಕೆ ಸೊಂಟದ ಕಡೆ ಎಳೆಯಬೇಕು. ಎದ್ದು ನಿಂತು ತುಳಿದರೆ ಹಾವಸೆ ಹಿಡಿದ ಕಾಂಕ್ರೀಟಿನಲ್ಲಿ ಹಿಂದಿನ ಗಾಲಿ ಜಾರುತ್ತದೆ. ಗೇರ್ ಏರು ಬರುವ ಮುಂಚೆ ಇಳಿಸಿ. ಭಾರ ಹಾಕಿ ತುಳಿಯುತ್ತಾ 51ಕ್ಕೆ ತಳ್ಳಿದರೆ ಚೈನ್ ತುಂಡಾಗುವುದು ಅಲ್ಲೇ. ನಿಮ್ಮ ಕ್ಯಾಸೆಟ್‌ನ ಗೇರ್ ಸಂಖ್ಯೆಗೆ ಹೊಂದುವ ಕ್ವಿಕ್‌ಲಿಂಕ್ (ಚೈನ್ ಜೋಡಿಸುವ ಕೊಂಡಿ) ಒಂದು, ಚೈನ್ ಬ್ರೇಕರ್ ಒಂದು ಜೇಬಲ್ಲಿರಲಿ.

ಇನ್ನೊಂದು ಮಾತು: ಆ 150 ಮೀಟರನ್ನು ಇಳಿದು ತಳ್ಳಿದರೂ ತುಳಿಯುವುದಕ್ಕಿಂತ ಒಂದು ನಿಮಿಷದ ಆಸುಪಾಸು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಎರಡನೇ ಸುತ್ತಿನಿಂದ ತಳ್ಳುವುದೇ ಬುದ್ಧಿವಂತಿಕೆ.

ತೋಟದ ರೈಟರ್:

ಸೈಕಲ್ ಲೆಕ್ಕ ಮೇಲಿನವರು ಹೇಳಿದ್ದಾರೆ, ತೋಟದ ಲೆಕ್ಕ ನಾನು ಹೇಳುತ್ತೇನೆ.

ಮಾಲೀಕರ ಒಪ್ಪಿಗೆ ಒಂದೇ ಸಾಲದು. ಹಿಂದಿನ ಸಂಜೆ ರೈಟರಿಗೋ (ತೋಟದ ಲೆಕ್ಕ, ಕೆಲಸ ನೋಡುವ ಗುಮಾಸ್ತ) ಮೇಸ್ತ್ರಿಗೋ ಫೋನ್ ಮಾಡಿ, ನಾಳೆ ಯಾವ ಬ್ಲಾಕಿನಲ್ಲಿ ಕೆಲಸ ಎಂದು ಕೇಳಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಸಾಮಾನ್ಯವಾಗಿ ಜನವರಿಯಿಂದ. ಆಗ ಚೀಲ ಹೇರಿದ ಪಿಕಪ್, ಟ್ರ್ಯಾಕ್ಟರ್ ಇದೇ ರಸ್ತೆಯಲ್ಲಿ ಇಳಿಯುತ್ತವೆ, ತಿರುವಿನಲ್ಲಿ ಅವಕ್ಕೆ ಬ್ರೇಕ್ ಹಿಡಿಯುವ ಜಾಗ ಇರುವುದಿಲ್ಲ. ಹತ್ತುವವರು ಹಾರ್ನ್ ಕೇಳಿದ ಕೂಡಲೇ ಬರೆಯ (ರಸ್ತೆ ಪಕ್ಕದ ಗುಡ್ಡದ ಗೋಡೆ) ಕಡೆ ಇಳಿದು ನಿಲ್ಲಬೇಕು, ಕಣಿವೆ ಕಡೆ ಅಲ್ಲ. ಇಯರ್‌ಫೋನ್ ಬೇಡವೇ ಬೇಡ.

ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಿರುತ್ತಾರೆ. ಪೈಪು ಕಾಲುದಾರಿಗೆ ಅಡ್ಡ ಬಿದ್ದಿರುತ್ತದೆ, ನಿನ್ನೆ ಇಲ್ಲದ್ದು ಇವತ್ತು ಇರುತ್ತದೆ. ಅದರ ಮೇಲೆ ಒಣ ಸಿಲ್ವರ್ ಓಕ್ ಎಲೆ ಬಿದ್ದರೆ ಹತ್ತು ಅಡಿ ದೂರದಿಂದಲೂ ಕಾಣುವುದಿಲ್ಲ. ಸೋಲಾರ್ ಬೇಲಿ ಇನ್ನೂ ಕೆಟ್ಟದ್ದು: ಆನೆ ತಡೆಯಲು ಕಟ್ಟಿದ ತಂತಿ, ಗೇಟಿದ್ದಲ್ಲಿ ಕೊಕ್ಕೆ ಹಿಡಿಕೆ. ದಾಟಿದ ಮೇಲೆ ಮತ್ತೆ ಸಿಕ್ಕಿಸಲೇಬೇಕು. ಅದಕ್ಕೇ ಮೊದಲ ಇಳಿತ ಯಾವಾಗಲೂ ನಡಿಗೆ ವೇಗದಲ್ಲಿ, ಪೂರ್ತಿ ದಾರಿ ನೋಡಿಕೊಂಡು.

ಕಾಡಾನೆ ವಿಷಯ. ಬೆಳಕು ಸರಿಯಾಗಿ ಹರಿಯುವ ಮುಂಚೆ, ಸಂಜೆ ನಾಲ್ಕೂವರೆ ಮೇಲೆ ತೋಟದೊಳಗೆ ಇರಬೇಡಿ. ಮೇಯಿಂದ ಹಲಸು ಹಣ್ಣಾಗುವ ಕಾಲ, ಆಗ ಇನ್ನೂ ಜಾಗ್ರತೆ. ಹಸಿ ಲದ್ದಿ, ಹೊಸದಾಗಿ ಮುರಿದ ಬಾಳೆ ಕಂಡರೆ ಅವತ್ತಿಗೆ ಸೈಕಲ್ ತಿರುಗಿಸಿ. ತುಳಿದು ಹತ್ತುವವರು ಸದ್ದಿಲ್ಲದೆ ಬರುತ್ತಾರೆ, ಆನೆಗೆ ಮೊದಲೇ ಗೊತ್ತಾಗುವುದಿಲ್ಲ. ಜೀಪಿಗಿಂತ ಅಪಾಯ ಇಲ್ಲಿ ಹೆಚ್ಚು. ಮಾತಾಡುತ್ತಾ ಹತ್ತಿ, ತಿರುವಿನಲ್ಲಿ ಬೆಲ್ ಹೊಡೆಯಿರಿ.

ಕೊನೆಯದಾಗಿ, ಕಾಲುದಾರಿ ಅಗಲ ಮಾಡಲು ಬರೆ ಕಡಿಯಬೇಡಿ, ದಯವಿಟ್ಟು. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಇಳಿಜಾರಿನ ಬುಡ ಕೆತ್ತಿದರೆ ಮೇಲಿನ ಮಣ್ಣಿನ ಆಧಾರ ತಪ್ಪಿಸಿದಂತೆ. ಇರುವ ದಾರಿಯಲ್ಲೇ ಓಡಿಸಿ, ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಮಳೆಗಾಲದಲ್ಲಿ ಒಂದೇ ಗೆರೆಯಲ್ಲಿ ಗಾಲಿ ಓಡಿದರೆ ಅದೇ ಚರಂಡಿಯಾಗುತ್ತದೆ.

ಸೋಮವಾರಪೇಟೆ ಗಾಲಿ:

ಮೇಲಿನ ಎರಡಕ್ಕೂ ಸಹಮತ. ನಾನು ಇಳಿಯುವುದರ ಬಗ್ಗೆ ಬರೆಯುತ್ತೇನೆ, ಏಕೆಂದರೆ ಪಿಕಪ್‌ನಲ್ಲಿ ಬಂದವರಿಗೂ ತುಳಿದು ಬಂದವರಿಗೂ ದೊಡ್ಡ ವ್ಯತ್ಯಾಸ ಅಲ್ಲೇ. ಮೇಲೆ ತಲುಪಿದಾಗ ಕಾಲು ದಣಿದಿರುತ್ತದೆ. ಕಾಲು ಸೋತರೆ ಸೀಟಿನ ಮೇಲೆ ಕೂರುತ್ತೀರಿ, ಕೂತರೆ ಭಾರ ಕೈಗೆ ಬೀಳುತ್ತದೆ, ಕೈ ಬಿಗಿಯಾದರೆ ಬ್ರೇಕ್ ಬಿಡಲು ಆಗುವುದಿಲ್ಲ. ಹತ್ತು ನಿಮಿಷ ವಿಶ್ರಾಂತಿ ಕಡ್ಡಾಯ.

ಡ್ರಾಪರ್ ಇಲ್ಲದಿದ್ದರೆ ಸೀಟ್‌ಪೋಸ್ಟಿಗೆ ಕ್ವಿಕ್‌ರಿಲೀಸ್ ಕ್ಲ್ಯಾಂಪ್ ಹಾಕಿ. ಹತ್ತುವ ಎತ್ತರಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ. ಇಳಿಯುವಾಗ 8–10 ಸೆಂ.ಮೀ. ಕೆಳಗೆ. ಹತ್ತುವಾಗ ಸೀಟು ತಗ್ಗಿದ್ದರೆ ಮಂಡಿ ಮುಂಭಾಗ ನೋಯಲು ಶುರುವಾಗುತ್ತದೆ, ಆ ಸೋಮಾರಿತನ ಬೇಡ.

ಹೆಲ್ಮೆಟ್: ಹತ್ತುವಾಗ ಮಾಮೂಲಿ ಅರ್ಧ ಹೆಲ್ಮೆಟ್, ಫುಲ್‌ಫೇಸ್ ಬ್ಯಾಗಿನ ಹೊರಗೆ ಬಿಗಿಯಾಗಿ ಕಟ್ಟಿ. ಹ್ಯಾಂಡಲ್‌ಗೆ ನೇತುಹಾಕಿದರೆ ಮಂಡಿಗೆ ಬಡಿಯುತ್ತದೆ, ಸ್ಟೀರಿಂಗ್ ಎಳೆಯುತ್ತದೆ. ಗಲ್ಲದ ಭಾಗ ಕಳಚುವ ಮಾದರಿ ಕೊಂಡರೆ ಎರಡು ಹೊರುವುದು ತಪ್ಪುತ್ತದೆ. ಮಂಡಿ ಪ್ಯಾಡ್ ಹತ್ತುವಾಗ ಕಣಕಾಲಿಗೆ ಇಳಿಸಿಕೊಳ್ಳಿ.

ಟೈರ್ ಗಾಳಿ: 2.4 ಇಂಚಿನ ಟ್ಯೂಬ್‌ಲೆಸ್‌ಗೆ ನಿಮ್ಮ ತೂಕದಲ್ಲಿ ಮುಂದೆ 20–22, ಹಿಂದೆ 24–26 ಪಿಎಸ್‌ಐ. ಟ್ಯೂಬ್ ಇದ್ದರೆ ನಾಲ್ಕೈದು ಹೆಚ್ಚು, ಇಲ್ಲದಿದ್ದರೆ ಕಲ್ಲಿಗೆ ಬಡಿದು ಟ್ಯೂಬಿನಲ್ಲಿ ಜೋಡಿ ತೂತು. ಹತ್ತಲು ಸುಲಭ ಎಂದು 35 ತುಂಬುವವರಿದ್ದಾರೆ. ಒದ್ದೆ ಕೆಮ್ಮಣ್ಣಿನಲ್ಲಿ ಅದು ಹತ್ತುವಾಗಲೂ ಜಾರುತ್ತದೆ.

ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇಳಿದರೆ ರೋಟರ್ (ಗಾಲಿಯ ಬ್ರೇಕ್ ತಟ್ಟೆ) ಕಾದು, ರೆಸಿನ್ (ರಾಳದ) ಬ್ರೇಕ್ ಪ್ಯಾಡ್ ಗಾಜಿನಂತೆ ಮಿರುಗಿ ಕಚ್ಚುವುದು ನಿಲ್ಲುತ್ತದೆ. ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿ, ತಿರುವಿನಲ್ಲಿ ಬಿಡು. ಮೆಟಲ್ ಪ್ಯಾಡ್ ಶಾಖಕ್ಕೂ ಕೆಸರಿಗೂ ತಡೆಯುತ್ತದೆ, ಆದರೆ ನಿಮ್ಮ ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಎಂಬ ಸೂಚನೆ ಅಚ್ಚಾಗಿದ್ದರೆ ಹಾಕಬಾರದು, ರೋಟರ್ ಸವೆದುಹೋಗುತ್ತದೆ.

ಫೋರ್ಕ್ ಲಾಕ್ ಮಾಡಿ ಹತ್ತಿದ್ದರೆ ಮೇಲೆ ತೆರೆಯಲು ಮರೆಯಬೇಡಿ.

ಗಾಳಿಬೀಡು ಸವಾರ:

ಎಲ್ಲರಿಗೂ ಧನ್ಯವಾದ. ಕ್ರ್ಯಾಂಕ್ ಡೈರೆಕ್ಟ್ ಮೌಂಟ್, 30 ತರಿಸುತ್ತೇನೆ. ಎರಡು ಸಂಶಯ ಉಳಿದಿವೆ. ತಿನ್ನಲು, ಕುಡಿಯಲು ಎಷ್ಟು ಹೊರಬೇಕು? ಜೀಪ್ ರಸ್ತೆಯ ಬದಲು ಇಳಿಯುವ ಕಾಲುದಾರಿಯಲ್ಲೇ ತಳ್ಳಿಕೊಂಡು ಹತ್ತಿದರೆ ಎರಡು ಕಿಲೋಮೀಟರ್ ಉಳಿಯುತ್ತದಲ್ಲ, ಹಾಗೆ ಮಾಡಬಹುದೇ?

ಐವತ್ತೊಂದು ಹಲ್ಲು:

ಎರಡನೆಯದಕ್ಕೆ ಬೇಡ ಎಂದೇ ಹೇಳುತ್ತೇನೆ. ಕುರುಡು ತಿರುವಿನಲ್ಲಿ ಮೇಲಿಂದ ಬರುವವನಿಗೆ ನೀವು ಕಾಣುವಷ್ಟರಲ್ಲಿ ಡಿಕ್ಕಿ ಆಗಿರುತ್ತದೆ. ವೇಲ್ಸ್‌ನ ಮರ್ಥರ್ ಟಿಡ್ವಿಲ್ ಬೈಕ್ ಪಾರ್ಕಿನಲ್ಲಿ ವ್ಯಾನ್ ಸೇವೆ ಬೇಡವೆನ್ನುವವರಿಗೆ ತುಳಿದು ಹತ್ತುವ ಟಿಕೆಟ್ ಬೇರೆ, ಹತ್ತಲು ದಾರಿಯೂ ಬೇರೆ. ಹತ್ತುವ ದಾರಿಯಲ್ಲಿ ಇಳಿಯಬಾರದು, ಇಳಿಯುವ ದಾರಿಯಲ್ಲಿ ಹತ್ತಬಾರದು. ಎರಡೇ ಜನ ಇದ್ದರೂ ಇದನ್ನು ಪಾಲಿಸಿ. ಮೇಲಾಗಿ 2.5 ಕಿ.ಮೀ.ಯಲ್ಲಿ 280 ಮೀಟರ್ ಎಂದರೆ ಸರಾಸರಿ 11 ಶೇಕಡಾ. ತಳ್ಳಿಕೊಂಡು ಹೋದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಮೀನಖಂಡ ಹಿಡಿದುಕೊಳ್ಳುವುದು ಬೇರೆ.

ತಿನ್ನಲು: ಒಂದು ಏರಿಗೆ ಸುಮಾರು 350 ಕ್ಯಾಲೊರಿ ಖರ್ಚು. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಏಲಕ್ಕಿ ಬಾಳೆಹಣ್ಣು ಎರಡು, ಜೊತೆಗೆ ಶೇಂಗಾ ಚಿಕ್ಕಿ ಒಂದು ತುಂಡು, ಅಷ್ಟು ಗಂಟೆಗೆ. ಹಸಿವಾಗುವ ಮುಂಚೆಯೇ, ಮೊದಲ ಸುತ್ತಿನ ಮೇಲಿನ ನಿಲುಗಡೆಯಲ್ಲೇ ಶುರು ಮಾಡಿ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಚಿಟಿಕೆ ಉಪ್ಪು ಬೆರೆಸಿ. ಮೂರು ಸುತ್ತಿನದನ್ನೂ ಒಟ್ಟಿಗೆ ಹೊರಬೇಡಿ, ಅದೇ ಎರಡು ಕೆ.ಜಿ. ಆಗುತ್ತದೆ. ಒಂದು ಸುತ್ತಿನದು ಮಾತ್ರ ಬೆನ್ನಿಗೆ, ಉಳಿದದ್ದು ಗೇಟಿನ ಹತ್ತಿರ ನೆರಳಲ್ಲಿ. ನಾಯಿಗೆ ಎಟುಕದ ಹಾಗೆ ಮೇಲೆ ಕಟ್ಟಿ.