ಎಂಟು ಹಾಡು: ಒಟ್ಟಿಗೆ ಬಿಡೋದಾ, ಒಂದೊಂದೇ ಬಿಡೋದಾ?

ಬನಶಂಕರಿ ಬೇಸ್:
ನಾವು ನಾಲ್ಕು ಜನ, ಕನ್ನಡದಲ್ಲಿ ರಾಕ್ ಹಾಡುತ್ತೇವೆ. ಲೇಬಲ್ ಇಲ್ಲ, ಎಲ್ಲ ಸ್ವಂತ ದುಡ್ಡು. ಎಂಟು ಹಾಡು ತಯಾರಿವೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನ ಹೂವಿನಿಂದ ಶುರುವಾಗಿ ಮೆಜೆಸ್ಟಿಕ್‌ನ ಕೊನೇ ಬಸ್ಸಿಗೆ ಮುಗಿಯುವ ಒಂದೇ ದಿನದ ಕಥೆ. ಆಲ್ಬಮ್ ಆಗಿಯೇ ಬರಬೇಕು ಅಂತ ನನ್ನಾಸೆ. ಗಿಟಾರಿಸ್ಟ್ ಒಂದೊಂದೇ ಬಿಡೋಣ ಅನ್ನುತ್ತಾನೆ. ಖರ್ಚು ಉಳಿಸಲು ಡ್ರಮ್ಸ್ ಕಂಪ್ಯೂಟರ್‌ನಲ್ಲೇ ಹಾಕೋಣ ಅನ್ನೋ ಮಾತೂ ಇದೆ. ನೀವೇನು ಹೇಳುತ್ತೀರಿ?

ಸಿಂಗಲ್ಸ್ ಪರ:
ಗಿಟಾರಿಸ್ಟ್ ಹೇಳುವುದು ಸರಿ. ಸ್ಪಾಟಿಫೈನಲ್ಲಿ ಒಂದು ರಿಲೀಸ್‌ಗೆ ಒಂದೇ ಹಾಡನ್ನು ಪ್ಲೇಲಿಸ್ಟ್ ಎಡಿಟರ್‌ಗಳ ಮುಂದಿಡಬಹುದು, ಅದೂ ಕನಿಷ್ಠ 7 ದಿನ ಮೊದಲು. ಎಂಟೂ ಒಂದೇ ದಿನ ಬಿಟ್ಟರೆ ಏಳು ಹಾಡಿಗೆ ಆ ಬಾಗಿಲೇ ಇಲ್ಲ. ಜೊತೆಗೆ 2024ರಿಂದ, 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ದುಡ್ಡು ಬರುವುದಿಲ್ಲ. ಹೊಸ ಬ್ಯಾಂಡಿಗೆ ಇದು ಚಿಕ್ಕ ವಿಷಯ ಅಲ್ಲ.

ಮಲ್ಲೇಶ್ವರದ ಕೇಳುಗ:
ಲೆಕ್ಕ ಒಪ್ಪಿದೆ. ಆದರೆ 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದಾಗ ನಾನು ಪೂರ್ತಿ ಕೂತು ಕೇಳಿದ್ದೆ. ಹಿಂದಿ ಹಾಡುಗಳ ಮಧ್ಯೆ ಶರೀಫರ ತತ್ವಪದ ಬಂದಾಗ ಮೈ ಜುಮ್ಮೆಂದಿತ್ತು. ಬಿಡಿಯಾಗಿ ಕೇಳಿದ್ದರೆ ಹಾಗಾಗುತ್ತಿರಲಿಲ್ಲ. ಇವರ ಒಂದು ದಿನದ ಕಥೆಯನ್ನು ಎಂಟು ತಿಂಗಳಿಗೆ ಹಂಚಿದರೆ, ಕೊನೇ ಬಸ್ಸಿನ ಹೊತ್ತಿಗೆ ಮಾರ್ಕೆಟ್ ಯಾರಿಗೆ ನೆನಪಿರುತ್ತದೆ?

ಮಿಕ್ಸಿಂಗ್ ಮಾಡುವವನು:
ನನಗೆ ಡ್ರಮ್ಸ್‌ನದೇ ಚಿಂತೆ. ದಯವಿಟ್ಟು ನಿಜವಾದ ಡ್ರಮ್ಸ್ ರೆಕಾರ್ಡ್ ಮಾಡಿ. ಸ್ಟುಡಿಯೋ ಬಾಡಿಗೆ ಅದಕ್ಕೆ ಮಾತ್ರ ಕೊಡಿ. ಮೊದಲು ಮನೆಯಲ್ಲೇ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಜೊತೆ ಗೈಡ್ ಟ್ರ್ಯಾಕ್, ಅಂದರೆ ಹಾಡಿನ ಕಚ್ಚಾ ರೆಕಾರ್ಡಿಂಗ್ ಮಾಡಿಕೊಳ್ಳಿ, ಡ್ರಮ್ಮರ್ ಅದರ ಮೇಲೆ ಬಾರಿಸಲಿ. ಚೆನ್ನಾಗಿ ಪ್ರಾಕ್ಟೀಸ್ ಆಗಿದ್ದರೆ ಎರಡು ದಿನದಲ್ಲಿ ಎಂಟೂ ಮುಗಿಯುತ್ತವೆ. ಬೇಸ್, ಗಿಟಾರ್ ಮನೆಯಲ್ಲೇ ನೇರ ಇಂಟರ್‌ಫೇಸ್‌ಗೆ (ವಾದ್ಯವನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ಹಾಕಿ. ಆಂಪ್‌ನ ಸದ್ದು ಆಮೇಲೆ ಸೇರಿಸಬಹುದು. ಹಾಡುವುದಕ್ಕೆ ನಡುರಾತ್ರಿಯೇ ಒಳ್ಳೆಯದು, ನಮ್ಮೂರಿನ ಹಾರ್ನ್ ಗೊತ್ತಲ್ವಾ.

ಇನ್ನೊಂದು ಮಾತು. ಡಿಸ್ಟಾರ್ಷನ್ ಹಾಕಿದ, ಅಂದರೆ ಸದ್ದು ಒರಟಾಗಿಸಿದ ಗಿಟಾರ್ ಕೆಳಗೆ ಕನ್ನಡದ ಒತ್ತಕ್ಷರಗಳು ಬೇಗ ಮುಚ್ಚಿಹೋಗುತ್ತವೆ. 2ರಿಂದ 4 ಕಿಲೋಹರ್ಟ್ಸ್ ನಡುವೆ ಗಿಟಾರನ್ನು ಸ್ವಲ್ಪ ತಗ್ಗಿಸಿ, ಪದಕ್ಕೆ ಜಾಗ ಬಿಡಿ. ಮಾಸ್ಟರಿಂಗ್‌ನಲ್ಲಿ, ಅಂದರೆ ಮಿಕ್ಸ್ ಆದಮೇಲಿನ ಕೊನೇ ಹದದಲ್ಲಿ, ಸುಮ್ನೆ ಸದ್ದು ಜಾಸ್ತಿ ಮಾಡಿಸಬೇಡಿ. ಸ್ಪಾಟಿಫೈ ಅದನ್ನು -14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುಮಾರಿಗೆ ಇಳಿಸಿಬಿಡುತ್ತದೆ. ಅಷ್ಟರಲ್ಲಿ ಸ್ನೇರ್ ಡ್ರಮ್‌ನ ಏಟು ಸತ್ತುಹೋಗಿರುತ್ತದೆ.

ಸಿಂಗಲ್ಸ್ ಪರ:
ಮಲ್ಲೇಶ್ವರದವರ ಮಾತು ಮನಸ್ಸಿಗೆ ತಾಕಿತು. ಹಾಗಾದರೆ ಎರಡು ಹಾಡು ಮೊದಲು, ಆಮೇಲೆ ಪೂರ್ತಿ ಆಲ್ಬಮ್. ಆ ಎರಡಕ್ಕೆ ಆಲ್ಬಮ್‌ನಲ್ಲೂ ಅದೇ ಐಎಸ್‌ಆರ್‌ಸಿ ನಂಬರ್ (ಪ್ರತಿ ರೆಕಾರ್ಡಿಂಗ್‌ಗೆ ಇರುವ ಗುರುತಿನ ಸಂಖ್ಯೆ) ಇರಲಿ. ಮೊದಲು ಕೇಳಿದವರ ಲೆಕ್ಕ ಉಳಿಯುತ್ತದೆ.

ಪದ ಬರೆಯುವಾಕೆ:
ಪದ ಯಾರದು, ರಾಗ ಯಾರದು ಅಂತ ಈಗಲೇ ಬರೆದು ನಾಲ್ವರೂ ಸಹಿ ಹಾಕಿ. 2012ರ ಕಾಪಿರೈಟ್ ತಿದ್ದುಪಡಿ ಪದ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಹಕ್ಕು ಉಳಿಸಿಕೊಟ್ಟಿದೆ. ನಮ್ಮ ಹಳೇ ಬ್ಯಾಂಡ್ ಏನನ್ನೂ ಬರೆದಿಡಲಿಲ್ಲ. ಒಂದೇ ಹಾಡಿನ ಜಗಳದಲ್ಲಿ ಒಡೆದುಹೋಯಿತು. ಇವತ್ತಿಗೂ ಬೇಜಾರಿದೆ.

ಬನಶಂಕರಿ ಬೇಸ್:
ಗಿಟಾರಿಸ್ಟ್‌ಗೆ ಎಲ್ಲ ಓದಿಸಿದೆ. ಮಾರ್ಕೆಟ್ ಹಾಡು ಮೊದಲ ಸಿಂಗಲ್ ಅಂತ ಒಪ್ಪಿದ. ಎರಡನೆಯದು ಇನ್ನೂ ಇತ್ಯರ್ಥ ಆಗಿಲ್ಲ. ಡ್ರಮ್ಸ್ ಸ್ಟುಡಿಯೋದಲ್ಲೇ.

ಮಿಕ್ಸಿಂಗ್ ಮಾಡುವವನು:
ಖುಷಿಯಾಯಿತು. ಡ್ರಮ್ಮರ್‌ಗೆ ಹೇಳಿ, ಹಿಂದಿನ ದಿನವೇ ಡ್ರಮ್‌ಗೆ ಹೊಸ ಸ್ಕಿನ್ (ಬಾರಿಸುವ ಹೊದಿಕೆ) ಹಾಕಿ ಟ್ಯೂನ್ ಮಾಡಿಟ್ಟುಕೊಳ್ಳಲಿ.